ಗೊಂಬೆ ಕಚ್ಚಿಕೊಂಡೇ ವಾಕಿಂಗ್ ಹೊರಡುವ ನಾಯಿಗೆ ಕಲಿಸಬೇಕಾದದ್ದು

ಬೆಲ್ಟ್ ಕೈಗೆತ್ತಿಕೊಂಡ ಕೂಡಲೇ ಕೆಲವು ನಾಯಿಗಳು ಮನೆಯೊಳಕ್ಕೆ ಓಡುತ್ತವೆ. ಮಂಚದ ಕೆಳಗೆ, ಸೋಫಾ ಹಿಂದೆ ಹುಡುಕಿ ತಮ್ಮ ಗೊಂಬೆಯನ್ನೋ ಚೆಂಡನ್ನೋ ಬಾಯಲ್ಲಿ ಹಿಡಿದುಕೊಂಡು ಬಂದು ನಿಲ್ಲುತ್ತವೆ. ಅದಿಲ್ಲದೆ ಗೇಟು ದಾಟುವುದಿಲ್ಲ. ಇದು ಕೆಟ್ಟ ಅಭ್ಯಾಸ ಅಂತ ಬಾಯಿಂದ ಕಿತ್ತು ಒಳಗೆಸೆಯುವವರು ಬಹಳ ಜನ ಇದ್ದಾರೆ. ದಯವಿಟ್ಟು ಕಿತ್ತುಕೊಳ್ಳಬೇಡಿ.

ನಮ್ಮ ರಸ್ತೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕೋಳಿ ಅಂಗಡಿ ಪಕ್ಕ ಬಿದ್ದಿರುವ ಮೂಳೆ, ಮೂಲೆಯಲ್ಲಿ ಸುರಿದ ಕಸ, ಸಾಂಬಾರ್ ಅಂಟಿದ ಪ್ಲಾಸ್ಟಿಕ್ ಕವರು, ಮಳೆಗಾಲದಲ್ಲಿ ಚರಂಡಿ ಪಕ್ಕ ಕುಪ್ಪಳಿಸುವ ನೆಲಗಪ್ಪೆ. ಬಾಯಿ ಖಾಲಿ ಇರುವ ನಾಯಿ ಇವೆಲ್ಲಕ್ಕೂ ಬಾಯಿ ಹಾಕುತ್ತದೆ. ಗೊಂಬೆ ಹಿಡಿದ ನಾಯಿ ಮೂಸಿ ಮುಂದಕ್ಕೆ ಹೋಗುವುದೇ ಜಾಸ್ತಿ. ಬೆಲ್ಟ್ ಕಚ್ಚಿ ಎಳೆಯುವುದು, ಬೈಕ್ ಕಂಡಾಗ ಬೊಗಳುವುದು ಕೂಡ ಕಮ್ಮಿಯಾಗುತ್ತದೆ. ಹಾಗಾಗಿ ಈ ಅಂಟನ್ನು ಬಿಡಿಸುವ ಬದಲು ಬಳಸಿಕೊಳ್ಳುವುದೇ ಜಾಣತನ ಅಂತ ನನ್ನ ಅಭಿಪ್ರಾಯ. ಹಿಡಿಯುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಹೇಳಿದಾಗ ಬಿಡುವುದನ್ನು ಮಾತ್ರ ಕಲಿಸಬೇಕು.

1. ಯಾಕೆ ಹಿಡಿಯುತ್ತದೆ ಅಂತ ಮೊದಲು ನೋಡಿ

ಕೆಲವು ತಳಿಗಳಿಗೆ ಇದು ರಕ್ತದಲ್ಲೇ ಇದೆ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದ ನಾಯಿಗಳು. ಬಲೆಯ ಹಗ್ಗ ಎಳೆಯುವುದು, ಕೊಕ್ಕೆಯಿಂದ ಜಾರಿದ ಮೀನು ಹಿಡಿದು ತರುವುದು ಅವುಗಳ ಕೆಲಸ. ಗೋಲ್ಡನ್ ರಿಟ್ರೀವರ್ ಶುರುವಾಗಿದ್ದು ಸ್ಕಾಟ್‌ಲ್ಯಾಂಡ್‌ನ ಬೆಟ್ಟಗಳಲ್ಲಿ. 1868ರಲ್ಲಿ ಲಾರ್ಡ್ ಟ್ವೀಡ್‌ಮೌತ್ ಎಂಬ ಜಮೀನ್ದಾರರ ಎಸ್ಟೇಟಿನಲ್ಲಿ ಹುಟ್ಟಿದ ಮರಿಗಳೇ ಈ ತಳಿಯ ಮೂಲ. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ಊರದೆ ತಂದುಕೊಡುವ ನಾಯಿ ಅವರಿಗೆ ಬೇಕಿತ್ತು. ಬೇಟೆ ನಾಯಿಯ ಸ್ವಭಾವದಲ್ಲಿ ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು ಅಂತ ಒಂದು ಸರಣಿ ಇರುತ್ತದೆ. ಈ ತಳಿಗಳಲ್ಲಿ ಸರಣಿ ಹಿಡಿಯುವಲ್ಲಿಗೆ ಬಂದು ನಿಲ್ಲುವಂತೆ ತಲೆಮಾರುಗಳ ಕಾಲ ಆರಿಸಿ ಮರಿ ಮಾಡಿಸಿದರು. ನಿಮ್ಮ ಲ್ಯಾಬ್ ಚಪ್ಪಲಿ ಹೊತ್ತು ತಿರುಗಿದರೆ ಅದಕ್ಕೆ ಕೆಲಸ ಬೇಕು ಅಂತ ಅರ್ಥ. ನಮ್ಮ ಮುಧೋಳ ನಾಯಿಯಂಥವು ಕಣ್ಣಿಂದ ಕಂಡು ಅಟ್ಟಿ ಹಿಡಿಯಲೆಂದು ಬೆಳೆದವು. ಹೊತ್ತು ತರುವ ಆಸೆ ಅವುಗಳಲ್ಲಿ ಸಾಮಾನ್ಯವಾಗಿ ಅಷ್ಟಿರುವುದಿಲ್ಲ.

ತಳಿಯೊಂದೇ ಕಾರಣ ಅಲ್ಲ. ನಮ್ಮನೆ ಕರಿಯ ಬೀದಿಯಿಂದ ಬಂದವನು. ಅವನಿಗೆ ಒಂದು ನೀಲಿ ಬಟ್ಟೆಯ ಆನೆ ಬೇಕೇ ಬೇಕು. ಯಾವಾಗಲೂ ಸೊಂಡಿಲ ಬುಡದಲ್ಲೇ ಹಿಡಿಯುತ್ತಾನೆ. ನೀರಿನ ಟ್ಯಾಂಕರ್ ಪಕ್ಕದಲ್ಲಿ ಹಾದುಹೋದರೆ ದವಡೆ ಬಿಗಿಯುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಟ್ಯಾಂಕರ್ ದೂರವಾದ ಮೇಲೆ ದವಡೆ ಸಡಿಲವಾಗಿ ಆನೆಯ ಕಾಲು ಮತ್ತೆ ತೂಗಾಡುತ್ತವೆ. ಧೈರ್ಯಕ್ಕಾಗಿ ಹಿಡಿಯುವ ನಾಯಿ ಹೀಗಿರುತ್ತದೆ.

ನಿಮ್ಮ ನಾಯಿ ಯಾವ ಗುಂಪಿನದು ಅಂತ ತಿಳಿಯಲು ಮೈ ನೋಡಿ. ಮೈ ಸಡಿಲ, ಬಾಲ ಅಗಲವಾಗಿ ಬೀಸುತ್ತಿದೆ, ಎದುರಿಗೆ ಬಂದವರಿಗೆಲ್ಲ ಗೊಂಬೆ ತೋರಿಸುತ್ತದೆ, ಮೂಸುವುದಕ್ಕೆ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತದೆ ಅಂದರೆ ಅದು ಖುಷಿ. ಬಾಲ ಕೆಳಗೆ, ಎಲ್ಲೂ ಮೂಸುವುದಿಲ್ಲ, ಹೊರಗೆ ಇಷ್ಟದ ತಿಂಡಿ ಕೊಟ್ಟರೂ ತಿನ್ನುವುದಿಲ್ಲ, ಮನೆ ಕಡೆಗೇ ಎಳೆಯುತ್ತದೆ ಅಂದರೆ ಅದು ಹೆದರಿಕೆ. ಹೆದರುವ ನಾಯಿಯ ಬಾಯಿಂದ ಗೊಂಬೆ ತೆಗೆದರೆ ಇದ್ದ ಒಂದು ಆಸರೆಯೂ ಹೋಗುತ್ತದೆ. ಅಂಥ ನಾಯಿಗೆ ಮೇನ್ ರೋಡ್ ಬಿಟ್ಟು ಒಳಗಿನ ಬೀದಿ ಆರಿಸಿ. ಗಾಡಿ ಕಮ್ಮಿ ಇರುವ ಹೊತ್ತಿಗೆ ಹೋಗಿ. ದೀಪಾವಳಿ ದಿನಗಳಲ್ಲಿ ಪಟಾಕಿ ಶುರುವಾಗುವ ಮೊದಲೇ ವಾಕಿಂಗ್ ಮುಗಿಸಿ.

ಮೂರನೆಯ ಕಾರಣ ಒಂದಿದೆ, ಅದು ಬಹಳ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿ ಬೆದೆ ಮುಗಿದು ಒಂದೂವರೆ ಎರಡು ತಿಂಗಳಿಗೆ ಇದ್ದಕ್ಕಿದ್ದಂತೆ ಗೊಂಬೆ ಹೊರಲು ಶುರು ಮಾಡಿದರೆ ಅದು ಸುಳ್ಳು ಗರ್ಭ ಇರಬಹುದು. ಗೊಂಬೆಯನ್ನೇ ಮರಿ ಅಂದುಕೊಂಡು ಮೂಲೆಗೆ ಒಯ್ಯುತ್ತಾಳೆ, ನೆಕ್ಕುತ್ತಾಳೆ, ಹತ್ತಿರ ಹೋದರೆ ಗುರ್ ಅನ್ನುತ್ತಾಳೆ. ಕೆಚ್ಚಲು ಊದಿ ಹಾಲೂ ಬರಬಹುದು. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಕಮ್ಮಿಯಾಗುತ್ತದೆ. ಅಲ್ಲಿಯವರೆಗೆ ಕೆಚ್ಚಲನ್ನು ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದಷ್ಟೂ ಹಾಲು ಜಾಸ್ತಿಯಾಗುತ್ತದೆ. ಗಟ್ಟಿಯಾಗಿ ಕೆಂಪಾಗಿದ್ದರೆ, ಊಟ ಬಿಟ್ಟಿದ್ದರೆ ಡಾಕ್ಟರಿಗೆ ತೋರಿಸಿ. ಈ ಲೇಖನದ ಪಾಠಗಳನ್ನು ಆ ದಿನಗಳಲ್ಲಿ ಶುರು ಮಾಡಬೇಡಿ.

ನಾಲ್ಕರಿಂದ ಆರು ತಿಂಗಳ ಮರಿಗೆ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುತ್ತದೆ. ಒಸಡು ಕಡಿಯುವುದರಿಂದ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಾಯಿಗೆ ಮೆತ್ತನೆಯ ವಸ್ತು ಸಿಗುವ ಹಾಗೆ ನೋಡಿಕೊಳ್ಳಿ, ಸಾಕು.

2. ಹೊರಗೆ ಒಯ್ಯುವ ವಸ್ತು ಯಾವುದು ಅಂತ ನೀವು ತೀರ್ಮಾನಿಸಿ

ನಾಯಿಗೆ ಹೊರುವ ಹಕ್ಕು, ನಿಮಗೆ ಆರಿಸುವ ಹಕ್ಕು. ಮನೆಯಲ್ಲಿ ಎಷ್ಟು ಗೊಂಬೆ ಇದ್ದರೂ ವಾಕಿಂಗಿಗೆ ಹೊರಡುವುದು ಒಂದೆರಡೇ ಇರಲಿ.

ಅಳತೆ ಎಲ್ಲಕ್ಕಿಂತ ಮುಖ್ಯ. ದವಡೆ ಹಲ್ಲು ದಾಟಿ ಗಂಟಲಿಗೆ ಜಾರುವಷ್ಟು ಚಿಕ್ಕದು ಬೇಡವೇ ಬೇಡ. ಟೆನಿಸ್ ಚೆಂಡು ಸುಮಾರು 6.5 ಸೆಂಟಿಮೀಟರ್ ಅಗಲ. ಬೀಗಲ್‌ನಂಥ ನಾಯಿಗೆ ಅದು ದೊಡ್ಡದಾಗಿ ಕಾಣುತ್ತದೆ. ಆದರೆ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್, ದೊಡ್ಡ ಲ್ಯಾಬ್‌ಗಳ ಗಂಟಲಲ್ಲಿ ಅದೇ ಚೆಂಡು ಸಿಕ್ಕಿಕೊಂಡು ಪ್ರಾಣಕ್ಕೆ ಬರಬಹುದು. ಅದರ ಮೇಲಿನ ಜುಂಗು ಮಣ್ಣು ಹಿಡಿದರೆ ಮರಳು ಕಾಗದದ ಕೆಲಸ ಮಾಡುತ್ತದೆ, ದಿನವೂ ಕಚ್ಚುವ ನಾಯಿಯ ಹಲ್ಲು ಸವೆಯುತ್ತದೆ. ಚೆಂಡೇ ಬೇಕು ಅನ್ನುವ ನಾಯಿಗೆ ಗಾತ್ರ ದೊಡ್ಡದಿರುವ, ಉಸಿರಾಡಲು ಎರಡು ಕಡೆ ತೂತಿರುವ ರಬ್ಬರ್ ಚೆಂಡು ಕೊಡಿ.

ಗಟ್ಟಿತನ ನೋಡಲು ಹೆಬ್ಬೆರಳಿನ ಉಗುರು ಸಾಕು. ಒತ್ತಿದಾಗ ಸ್ವಲ್ಪವೂ ತಗ್ಗದಿದ್ದರೆ ಅದು ಹಲ್ಲಿಗಿಂತ ಗಟ್ಟಿ ಅಂದುಕೊಳ್ಳಿ. ಮೇಲಿನ ದವಡೆಯ ದೊಡ್ಡ ಹಲ್ಲು ಸೀಳುವುದು ಇಂಥ ವಸ್ತುಗಳಿಂದಲೇ. ಕಲ್ಲು ಹೊರುವ ಅಭ್ಯಾಸ ಇದ್ದರೆ ಅದನ್ನು ಮೊದಲು ಬದಲಾಯಿಸಿ. ಹಲ್ಲಿಗೂ ಕೇಡು, ನುಂಗಿದರೆ ಕರುಳಿಗೂ ಕೇಡು. ಕೋಲು ಕೂಡ ಬೇಡ. ಬಾಯಲ್ಲಿ ಉದ್ದಕ್ಕೆ ಹಿಡಿದು ಓಡುವಾಗ ತುದಿ ನೆಲಕ್ಕೆ ತಾಗಿದರೆ ಇನ್ನೊಂದು ತುದಿ ಗಂಟಲಿಗೆ ಚುಚ್ಚುತ್ತದೆ. ತೆಂಗಿನ ಚಿಪ್ಪು, ಒಣಗಿದ ಕೊತ್ತಳಿಗೆ ತುಂಡು ಕೂಡ ಹಾಗೇ, ಸಿಬಿರು ಒಸಡಿನಲ್ಲಿ ಮುರಿದು ಉಳಿಯುತ್ತದೆ.

ಬಟ್ಟೆ ಗೊಂಬೆ ಒಳ್ಳೆಯದೇ, ಆದರೆ ಪ್ಲಾಸ್ಟಿಕ್ ಕಣ್ಣು, ಗುಂಡಿ, ರಿಬ್ಬನ್ ಕತ್ತರಿಸಿ ತೆಗೆದು ಕೊಡಿ. ಒಳಗೆ ಕೀಂ ಕೀಂ ಅನ್ನುವ ಪೀಪಿ ಇದ್ದರೆ ಹೊಲಿಗೆ ಬಿಚ್ಚಿ ಅದನ್ನೂ ತೆಗೆದು ಮತ್ತೆ ಹೊಲಿಯಿರಿ. ಪೀಪಿಯ ಸದ್ದು ಬೀದಿ ನಾಯಿಗಳನ್ನು ಕರೆಯುತ್ತದೆ ಅನ್ನುವುದು ಇನ್ನೊಂದು ತೊಂದರೆ. ಹಗ್ಗದ ಆಟಿಕೆ ಎಳೆ ಬಿಟ್ಟುಕೊಂಡ ದಿನವೇ ಕಸಕ್ಕೆ ಹಾಕಿ. ನುಂಗಿದ ನೂಲು ಕರುಳನ್ನು ಸುರುಟಿ ಕೊಯ್ಯುತ್ತದೆ. ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ. ಹಳೆಯ ಸಾಕ್ಸ್ ಕೊಡುವುದು ನಮ್ಮಲ್ಲಿ ಜಾಸ್ತಿ, ಅಲ್ವಾ? ಅದು ನುಂಗಲು ಬಹಳ ಸುಲಭ. ಹಳೆಯ ಟವೆಲ್ಲನ್ನೋ ಜೀನ್ಸ್ ಪ್ಯಾಂಟಿನ ಕಾಲನ್ನೋ ದಪ್ಪಗೆ ಜಡೆ ಹೆಣೆದು ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿ ಕೊಡಿ. ಖರ್ಚಿಲ್ಲ, ಹಗುರ, ಮನೆಯ ವಾಸನೆಯೂ ಇರುತ್ತದೆ.

3. ಮನೆಯೊಳಗೆ "ಬಿಡು" ಕಲಿಸಿ

ಈ ಹೆಜ್ಜೆಗೆ ಆತುರ ಬೇಡ. ಇದು ಗಟ್ಟಿಯಾದರೆ ಮುಂದಿನದೆಲ್ಲ ಹಗುರ.

ಶುರು ಮಾಡುವುದು ಪ್ರೀತಿಯ ಗೊಂಬೆಯಿಂದ ಅಲ್ಲ. ನಾಯಿಗೆ ಅಷ್ಟೇನೂ ಮೋಹ ಇಲ್ಲದ ಆಟಿಕೆ ತೆಗೆದುಕೊಳ್ಳಿ. ತಿಂಡಿಯನ್ನು ಕಡಲೆಕಾಳಿನಷ್ಟು ಚಿಕ್ಕ ಚೂರು ಮಾಡಿ ಇಟ್ಟುಕೊಳ್ಳಿ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಮಾಂಸ, ಮೂಳೆ ತೆಗೆದದ್ದು, ಇದ್ದರೆ ಅದಕ್ಕಿಂತ ಬೇರೆ ಬೇಡ. ಮಾಂಸ ತರದ ಮನೆಯಲ್ಲಿ ಪನೀರ್, ಬೇಯಿಸಿದ ಸಿಹಿಗೆಣಸು, ಕ್ಯಾರೆಟ್ ಆಗುತ್ತದೆ. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಯಾವುದೂ ಬೇಡ, ಅವು ನಾಯಿಗೆ ವಿಷ.

ಆಟಿಕೆ ಹಿಡಿಯಲು ಬಿಡಿ. ತಿಂಡಿ ಇರುವ ಬೆರಳನ್ನು ಮೂಗಿನ ಹತ್ತಿರ ತನ್ನಿ, ಸುಮ್ಮನಿರಿ. ವಾಸನೆಗೆ ದವಡೆ ತೆರೆಯುತ್ತದೆ. ತೆರೆದ ಕ್ಷಣದಲ್ಲೇ ಮೆಲ್ಲಗೆ "ಬಿಡು" ಅನ್ನಿ, ತಿಂಡಿ ಕೊಡಿ. ಅದು ತಿನ್ನುತ್ತಿರುವಾಗ ಕೆಳಗೆ ಬಿದ್ದ ಆಟಿಕೆಯನ್ನು ಎತ್ತಿ ವಾಪಸ್ ನಾಯಿಗೇ ಕೊಡಿ.

ಬಹಳ ಜನ ಎಡವುವುದು ಈ ವಾಪಸ್ ಕೊಡುವಲ್ಲೇ. ನಾಯಿ ಬಿಟ್ಟಿತು ಅಂತ ಆಟಿಕೆ ತೆಗೆದು ಕಪಾಟಿನ ಮೇಲೆ ಇಟ್ಟರೆ ನಾಯಿಗೆ ಒಂದೇ ಪಾಠ ಸಿಗುತ್ತದೆ: ಬಿಟ್ಟರೆ ಹೋಯಿತು. ಮುಂದಿನ ಸಲ ಹಲ್ಲು ಕಚ್ಚಿ ನಿಲ್ಲುತ್ತದೆ, ಇಲ್ಲವೇ ಮಂಚದ ಕೆಳಗೆ ಸೇರುತ್ತದೆ. ಬಿಟ್ಟರೆ ತಿಂಡಿಯೂ ಬರುತ್ತದೆ, ವಸ್ತುವೂ ತಿರುಗಿ ಬರುತ್ತದೆ ಅನ್ನುವುದು ಅದರ ತಲೆಯಲ್ಲಿ ಕೂರಬೇಕು. ಕಲಿಸುವ ದಿನಗಳಲ್ಲಿ ಹತ್ತು ಸಲ ಬಿಡಿಸಿದರೆ ಒಂಬತ್ತು ಸಲವಾದರೂ ವಾಪಸ್ ಕೊಡಿ.

ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ನಾಯಿ ಇನ್ನೂ ಆಸೆಯಿಂದ ನೋಡುತ್ತಿರುವಾಗಲೇ ನಿಲ್ಲಿಸಿ. ಸಲೀಸಾಗಿ ಬಿಡತೊಡಗಿದ ಮೇಲೆ ಕ್ರಮ ತಿರುಗಿಸಿ. ಕೈಯಲ್ಲಿ ತಿಂಡಿ ತೋರಿಸದೆ ಮೊದಲು "ಬಿಡು" ಅನ್ನಿ, ಬಾಯಿ ತೆರೆಯುವವರೆಗೆ ಕಾಯಿರಿ, ಆಮೇಲೆ ಜೇಬಿನಿಂದ ಕೊಡಿ. ಅದೂ ಆದ ಮೇಲೆ ಆಟಿಕೆಗೆ ಆಟಿಕೆ ಬದಲು ಮಾಡಿ ನೋಡಿ. ಪ್ರೀತಿಯ ಗೊಂಬೆಯ ಸರದಿ ಎಲ್ಲಕ್ಕಿಂತ ಕೊನೆಗೆ, ಆಗ ತಿಂಡಿಯೂ ಮನೆಯಲ್ಲಿರುವ ಅತಿ ರುಚಿಯದ್ದೇ ಇರಲಿ.

ಜೊತೆಗೇ "ಹಿಡ್ಕೋ" ಕೂಡ ಕಲಿಸಿ. ಗೊಂಬೆ ಮುಂದೆ ಹಿಡಿದು, ನಾಯಿ ಬಾಯಿ ಹಾಕುವ ಹೊತ್ತಿಗೆ ಅನ್ನಬೇಕು, ಅಷ್ಟೇ. ಎರಡೂ ಬಂದರೆ ದಾರಿಯಲ್ಲಿ ಬಾಯಿ ಯಾವಾಗ ತುಂಬಿರಬೇಕು, ಯಾವಾಗ ಖಾಲಿ ಇರಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.

ಮಾತು ಯಾವುದಾದರೂ ಆಗಲಿ, ಮನೆಮಂದಿ ಎಲ್ಲ ಒಂದೇ ಅನ್ನಿ. ಅಪ್ಪ "ಡ್ರಾಪ್", ಅಜ್ಜಿ "ಹಾಕೋ ಕೆಳಗೆ", ಮಗಳು "ಕೊಡೋ ಕರಿಯ" ಅಂದರೆ ನಾಯಿಗೆ ಅರ್ಥವಾಗುವುದು ತಡ.

ಕೈಯಿಂದ ಎಳೆಯಬೇಡಿ. ಎಳೆದರೆ ಅದು ಹಗ್ಗಜಗ್ಗಾಟ ಅಂದುಕೊಂಡು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ದವಡೆ ಅಗಲಿಸಿ ಬೆರಳು ಹಾಕುವುದು, ಮೂತಿಗೆ ಹೊಡೆಯುವುದು ಎರಡೂ ತಪ್ಪು. ಹತ್ತಿರ ಹೋದಾಗ ನಾಯಿ ಮರಗಟ್ಟಿ ನಿಂತರೆ, ತಲೆ ಆಡಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ, ಗುರ್ ಅಂದರೆ, ಅಲ್ಲಿಗೇ ನಿಲ್ಲಿ. ಗುರ್ ಅಂದದ್ದಕ್ಕೆ ಗದರಬೇಡಿ. ಕಚ್ಚುವ ಮೊದಲು ಅದು ಹೇಳುವ ಮಾತು ಅದು. ಆ ಮಾತನ್ನು ಅಡಗಿಸಿದರೆ ಮುಂದೆ ಹೇಳದೆಯೇ ಕಚ್ಚುತ್ತದೆ. ಅಂಥ ನಾಯಿಗೆ ಹತ್ತಿರ ಹೋಗದೆ, ನಡೆಯುತ್ತಾ ಹೋಗುವಾಗ ದೂರದಿಂದಲೇ ತಿಂಡಿ ಎಸೆದು ಮುಂದಕ್ಕೆ ಹೋಗಿ. ನೀವು ಬಂದರೆ ಏನೋ ಸಿಗುತ್ತದೆ, ಏನೂ ಹೋಗುವುದಿಲ್ಲ ಅಂತ ಅದಕ್ಕೆ ನಂಬಿಕೆ ಬಂದ ಮೇಲೆ ಪಾಠ. ಈಗಾಗಲೇ ಕಚ್ಚಿರುವ ನಾಯಿಯಾದರೆ ಪಶುವೈದ್ಯರ ಸಲಹೆ ಪಡೆದು, ಹೊಡೆಯದೆ ಕಲಿಸುವ ತರಬೇತುದಾರರ ಜೊತೆ ಮುಂದುವರಿಯಿರಿ.

4. ಗೇಟಿನಿಂದ ಆಚೆಗೆ

ಮೊದಲು ಅಂಗಳ ಅಥವಾ ಅಪಾರ್ಟ್‌ಮೆಂಟಿನ ಕಾರಿಡಾರ್, ಆಮೇಲೆ ಗೇಟಿನ ಮುಂದೆ, ಆಮೇಲೆ ಬೀದಿ. ಒಂದೊಂದು ಕಡೆಯೂ "ಬಿಡು", "ಹಿಡ್ಕೋ" ಮೊದಲಿನಿಂದ ಮಾಡಬೇಕು. ಹಾಲ್‌ನಲ್ಲಿ ಕಲಿತದ್ದು ರಸ್ತೆಯಲ್ಲಿ ನಾಯಿಗೆ ನೆನಪಾಗುವುದಿಲ್ಲ, ಅದು ಸಹಜ.

ಲಿಫ್ಟ್‌ನಲ್ಲಿ, ಮೆಟ್ಟಿಲ ಮೇಲೆ ಗೊಂಬೆ ನಿಮ್ಮ ಕೈಯಲ್ಲಿರಲಿ. ದೊಡ್ಡ ಗೊಂಬೆ ಕಣ್ಣಿಗೆ ಅಡ್ಡ ಬಂದು ಮೆಟ್ಟಿಲು ಕಾಣುವುದಿಲ್ಲ. ಬೆಲ್ಟನ್ನು ಕೊರಳಿಗಿಂತ ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸುವುದು ಮೇಲು. ಬಾಯಿ ತುಂಬಿರುವಾಗ ಕೊರಳೂ ಬಿಗಿದರೆ ಉಸಿರಿಗೆ ಕಷ್ಟ.

ದಾರಿಯಲ್ಲಿ ನಾಯಿ ಮೂಸಬೇಕು. ಮೂಸುವುದೇ ಅದಕ್ಕೆ ಅರ್ಧ ವಾಕಿಂಗ್. ಬಾಯಲ್ಲಿ ದೊಡ್ಡ ಗೊಂಬೆ ಇಟ್ಟುಕೊಂಡು ನೆಲಕ್ಕೆ ಮೂಗು ಹಚ್ಚಲು ಆಗುವುದಿಲ್ಲ. ಆದ್ದರಿಂದ ಗಾಡಿಗಳ ರಸ್ತೆ, ಕಸದ ಮೂಲೆ ದಾಟುವವರೆಗೆ "ಹಿಡ್ಕೋ". ಮರ ಗಿಡ ಇರುವ ಕಡೆ, ಪಾರ್ಕ್ ಹತ್ತಿರ "ಬಿಡು" ಅಂದು ಗೊಂಬೆಯನ್ನು ಹೆಗಲ ಚೀಲಕ್ಕೆ ಹಾಕಿಕೊಳ್ಳಿ. ಚೀಲದಿಂದ ಗೊಂಬೆ ತಿರುಗಿ ಬರುವುದನ್ನು ಕೆಲವು ಸಲ ನೋಡಿದ ಮೇಲೆ ನಾಯಿ ಚೀಲದ ಹಿಂದೆ ಬೀಳುವುದಿಲ್ಲ, ಆರಾಮಾಗಿ ಮೂಸುತ್ತದೆ. ಒಂದಕ್ಕೆ ಎರಡಕ್ಕೆ ನಿಂತಾಗ ತಾನಾಗಿ ಕೆಳಗಿಡುವ ನಾಯಿಗಳೂ ಇವೆ. ಗೊಂಬೆ ಒದ್ದೆಯಾಗುವ ಮೊದಲು ಪಕ್ಕಕ್ಕೆ ಸರಿಸುವ ಕೆಲಸ ನಿಮ್ಮದು.

ಗೊಂಬೆ ಬಿದ್ದದ್ದು ನಿಮಗೂ ಗೊತ್ತಾಗದೆ ಹೋಗಬಹುದು. ಮನೆಗೆ ಬಂದ ಮೇಲೆ ನಾಯಿ ಬಾಗಿಲ ಬಳಿ ನಿಂತು ಕುಂಯ್ ಅನ್ನುತ್ತಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹುಡುಕಿ. ಇಂಥ ಪಜೀತಿ ಬೇಡ ಅಂದರೆ ಒಂದೇ ಥರದ ಎರಡು ಗೊಂಬೆ ಕೊಂಡು ಮೊದಲ ದಿನದಿಂದಲೇ ಸರದಿಯಲ್ಲಿ ಬಳಸಿ. ಹೊಸದನ್ನು ಪ್ಯಾಕೆಟ್‌ನಲ್ಲೇ ಇಟ್ಟು, ಹಳೆಯದು ಕಳೆದ ದಿನ ತೆಗೆದುಕೊಟ್ಟರೆ ನಾಯಿ ಒಪ್ಪುವುದಿಲ್ಲ. ಹಂಗೆರಿಯ ಬುಡಾಪೆಸ್ಟ್‌ನ ಒಂದು ವಿಶ್ವವಿದ್ಯಾಲಯದವರು ಆಟಿಕೆಗಳ ಹೆಸರು ಬಲ್ಲ ನಾಯಿಗಳನ್ನು ಬೆಳಕಿನಲ್ಲೂ ಕತ್ತಲಲ್ಲೂ ಹುಡುಕಲು ಬಿಟ್ಟು ನೋಡಿದರು. 2022ರಲ್ಲಿ ಅದು ಪ್ರಕಟವಾಯಿತು. ಆಟಿಕೆಯ ರೂಪವೂ ವಾಸನೆಯೂ ಎರಡೂ ನಾಯಿಯ ನೆನಪಿನಲ್ಲಿರುತ್ತವೆ ಅಂತ ಕಂಡುಬಂತು. ನೋಡಲು ಒಂದೇ ಥರ ಇದ್ದರೆ ಸಾಲದು, ಅದರ ಹಾಸಿಗೆಯ ವಾಸನೆಯೂ ಹತ್ತಿರಬೇಕು.

5. ಬೀದಿ ನಾಯಿ, ಮಕ್ಕಳು

ಬೇರೆ ನಾಯಿ ಹತ್ತಿರ ಬರುವಾಗ ಬಾಯಲ್ಲಿರುವ ಗೊಂಬೆ ಜಗಳಕ್ಕೆ ಕಾರಣವಾಗುತ್ತದೆ. ನಿಮ್ಮ ನಾಯಿ ಎಷ್ಟೇ ಸಾಧು ಇರಲಿ, ಗೊಂಬೆಯ ಮೇಲೆ ಎರಡು ಮೂತಿ ಬಂದರೆ ಹೇಳಲಾಗದು. ದೂರದಲ್ಲಿ ನಾಯಿ ಕಂಡ ಕೂಡಲೇ "ಬಿಡು" ಅಂದು ಚೀಲಕ್ಕೆ ಹಾಕಿ, ರಸ್ತೆಯ ಇನ್ನೊಂದು ಬದಿಗೆ ದಾಟಿ. ಹತ್ತಿರ ಬಂದುಬಿಟ್ಟಿದ್ದರೆ ಆಗ ಬಿಡಿಸಲು ಹೋಗಬೇಡಿ, ಕೆಳಗೆ ಬಿದ್ದರೆ ಎರಡೂ ನುಗ್ಗುತ್ತವೆ. ಸುಮ್ನೆ ಬೇರೆ ಕಡೆಗೆ ತಿರುಗಿ ನಡೆಯಿರಿ. ನಾಲ್ಕೈದು ನಾಯಿಗಳ ಗುಂಪು ಸದಾ ಇರುವ ಬೀದಿಯಾದರೆ ಆ ಭಾಗದಲ್ಲಿ ಗೊಂಬೆ ಹೊರಗೆ ಬರುವುದೇ ಬೇಡ.

ಜಗಳ ಬಿಡಿಸಲು ಹೋಗಿ ನಿಮಗೆ ಹಲ್ಲು ತಾಗಿದರೆ, ಗೀರೇ ಆಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ನಿಮ್ಮ ನಾಯಿಗೆ ಗಾಯವಾಗಿದ್ದರೆ ಅದರ ಲಸಿಕೆ ಪುಸ್ತಕ ಹಿಡಿದು ಪಶು ಆಸ್ಪತ್ರೆಗೆ.

ಗೊಂಬೆ ಹಿಡಿದ ನಾಯಿಯನ್ನು ಕಂಡರೆ ಮಕ್ಕಳು ಓಡಿ ಬರುತ್ತಾರೆ. ಅವರ ಕಣ್ಣಿಗೆ ಅದು ಗೊಂಬೆ, ಕೈ ಹಾಕುವುದೇ ಮೊದಲು. "ಪುಟ್ಟ, ಅದು ಅವನದ್ದು, ನೋಡು, ಮುಟ್ಟಬೇಡ" ಅಂತ ಮೆತ್ತಗೆ ಹೇಳಿ ನಾಯಿಯನ್ನು ನಿಮ್ಮ ಇನ್ನೊಂದು ಬದಿಗೆ ತನ್ನಿ. ಮನೆಯ ಮಕ್ಕಳಿಗೂ ಇದೇ ನಿಯಮ. ಗೊಂಬೆ ತೆಗೆಯುವುದು, ಬಿಡಿಸುವುದು ದೊಡ್ಡವರ ಕೆಲಸ.

6. ಬಿಸಿಲಿನಲ್ಲಿ ಬಾಯಿ ಖಾಲಿ ಇರಲಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ನಮ್ಮ ಹಾಗೆ ಮೈಯಿಂದ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಮೈಯ ಬಿಸಿ ಇಳಿಸುವುದು ನಾಲಿಗೆ ಚಾಚಿ ಏದುವುದರಿಂದ. ಬಾಯಿ ತುಂಬ ಗೊಂಬೆ ಇದ್ದರೆ ಏದಲು ಆಗುವುದಿಲ್ಲ. ಹೊರುವ ಹುಚ್ಚಿರುವ ನಾಯಿ ಸುಸ್ತಾದರೂ ಗೊಂಬೆ ಬಿಡುವುದಿಲ್ಲ, ಅದೇ ಅಪಾಯ.

ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ, ಸಂಜೆ ಕತ್ತಲಾದ ಮೇಲೆ ಹೋಗಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟುವ ದಿನಗಳಲ್ಲಿ ಸಂಜೆಯ ಡಾಂಬರೂ ಸುಡುತ್ತಿರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಮಂಗಳೂರು, ಕಾರವಾರದಲ್ಲಿ ಬಿಸಿಲು ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವ ಜಾಸ್ತಿ. ಏದಿದರೂ ನಾಲಿಗೆಯ ನೀರು ಆರುವುದಿಲ್ಲ, ಹಾಗಾಗಿ ಅಲ್ಲೂ ಇಷ್ಟೇ ಎಚ್ಚರ ಬೇಕು. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಬೇಸಿಗೆ ತಿಂಗಳುಗಳಲ್ಲಿ ಹೊರಗೆ ಗೊಂಬೆಯೇ ಬೇಡ.

ಗೊಂಬೆಯ ಪಕ್ಕದಿಂದ ನಾಲಿಗೆ ಹೊರಬಂದರೆ, ಜೊಲ್ಲು ನೂಲಿನಂತೆ ಇಳಿದರೆ, ನಡಿಗೆ ನಿಧಾನವಾದರೆ ನಿಂತು ಬಿಡಿಸಿ, ನೆರಳಿಗೆ ಕರೆದೊಯ್ದು ನೀರು ಕೊಡಿ. ನಾಯಿಯ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ಒಸಡು ಕಡುಗೆಂಪಾಗಿ, ಕಾಲು ತೊಡರಿ, ವಾಂತಿಯಾದರೆ ಮೈ ತುಂಬ ತಣ್ಣೀರು ಹಾಕಿ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಓಡಿ.

7. ತೊಳೆಯುವುದು

ಬಟ್ಟೆ ಗೊಂಬೆಯನ್ನು ವಾರಕ್ಕೊಮ್ಮೆ ಬಿಸಿನೀರು, ಸ್ವಲ್ಪ ಸೋಪಿನಲ್ಲಿ ತೊಳೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ ಬಿಸಿಲಿಗೆ ಹಾಕಿ. ಫಿನಾಯಿಲ್ ಬೇಡ, ಗೊಂಬೆ ಬಾಯಿಗೆ ಹೋಗುವ ವಸ್ತು. ಜೋಡಿ ಗೊಂಬೆ ಎರಡನ್ನೂ ಒಂದೇ ದಿನ ತೊಳೆಯಬೇಡಿ. ಒಂದರಲ್ಲಾದರೂ ವಾಸನೆ ಉಳಿದಿರಲಿ. ತೊಳೆದದ್ದನ್ನು ಒಂದು ರಾತ್ರಿ ಅದರ ಹಾಸಿಗೆಯಲ್ಲಿ ಬಿಟ್ಟರೆ ಮತ್ತೆ ಅದರದ್ದಾಗುತ್ತದೆ.

ಮಳೆಗಾಲದಲ್ಲಿ ಗೊಂಬೆ ನಿಂತ ನೀರಿಗೋ ಚರಂಡಿಗೋ ಬಿದ್ದರೆ ತಿರುಗಿ ಬಾಯಿಗೆ ಕೊಡಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಕವರಿನಲ್ಲಿ ಹಾಕಿ ತಂದು ತೊಳೆಯಿರಿ, ನಿಮ್ಮ ಕೈಯನ್ನೂ ತೊಳೆಯಿರಿ. ನಾಯಿಗೆ ಇಲಿಜ್ವರದ ಲಸಿಕೆ ಆಗಿದೆಯಾ ಅಂತ ಪುಸ್ತಕ ನೋಡಿ.

8. ಪ್ರೀತಿ ಹುಚ್ಚಾದಾಗ, ಪ್ರೀತಿ ನಿಂತಾಗ

ಹೆಚ್ಚಿನ ನಾಯಿಗಳ ಅಂಟು ಹಿತವಾದದ್ದೇ. ಕೆಲವಕ್ಕೆ ಮಾತ್ರ ಅದು ಮಿತಿ ಮೀರುತ್ತದೆ. ಸ್ವಿಟ್ಜರ್‌ಲ್ಯಾಂಡ್‌ನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಆಟಿಕೆಯ ಮೋಹ ಜಾಸ್ತಿ ಇರುವ 105 ನಾಯಿಗಳನ್ನೇ ಆರಿಸಿ ಪರೀಕ್ಷಿಸಿದಾಗ 33ರಲ್ಲಿ ಚಟವನ್ನು ಹೋಲುವ ನಡವಳಿಕೆ ಕಂಡಿತ್ತು. ಊಟ ಮುಂದಿಟ್ಟರೂ ತಿನ್ನದೆ ಕಪಾಟಿನಲ್ಲಿಟ್ಟ ಚೆಂಡನ್ನೇ ನೋಡುವುದು, ಯಜಮಾನರು ಕರೆದರೂ ತಿರುಗದಿರುವುದು, ತೆಗೆದಿಟ್ಟು ಬಹಳ ಹೊತ್ತಾದರೂ ಸಮಾಧಾನವಾಗದಿರುವುದು ಅದರ ಗುರುತು. ನಿಮ್ಮ ನಾಯಿ ಹೀಗಿದ್ದರೆ ಎಸೆದು ತರಿಸುವ ಆಟ ಕಮ್ಮಿ ಮಾಡಿ. ಮೂಸಿ ಹುಡುಕುವ ಆಟ ಜಾಸ್ತಿ ಮಾಡಿ. ಹುಲ್ಲಿನಲ್ಲಿ ತಿಂಡಿ ಚೆಲ್ಲಿ ಹುಡುಕಲು ಬಿಡುವುದು ಒಳ್ಳೆಯ ಶುರು. ಗೊಂಬೆ ವಾಕಿಂಗಿನಲ್ಲಿ ಮಾತ್ರ ಸಿಗಲಿ, ಬಂದ ಮೇಲೆ ಅದಕ್ಕೊಂದು ಜಾಗ ಇರಲಿ.

ತಿರುಗಾಮುರುಗಾ ಕೂಡ ಆಗುತ್ತದೆ. ದಿನವೂ ಹೊರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಗೊಂಬೆ ಮುಟ್ಟದಿದ್ದರೆ, ಎತ್ತಿ ಎತ್ತಿ ಕೆಳಗೆ ಹಾಕಿದರೆ, ಬೇಜಾರಾಗಿರಬೇಕು ಅಂತ ಬಿಡಬೇಡಿ. ತುಟಿ ಎತ್ತಿ ನೋಡಿ. ಮುರಿದ ಹಲ್ಲು, ಸಿಬಿರು, ಹುಣ್ಣು, ಕೆಟ್ಟ ವಾಸನೆ ಇದೆಯಾ? ಒಸಡು ಬಿಳಿಚಿಕೊಂಡು, ಜ್ವರ, ಸುಸ್ತು, ಮೂಗಿನಿಂದ ರಕ್ತ ಇದ್ದರೆ ಉಣ್ಣಿ ಕಚ್ಚಿ ಬರುವ ಜ್ವರ ಇರಬಹುದು. ನಮ್ಮಲ್ಲಿ ಅದು ಬಹಳ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಾದ ನಾಯಿಗೆ ಆಸೆ ಇದ್ದು ಹಲ್ಲು ಸಾಲದಿದ್ದರೆ ಹಗುರವಾದ ಮೆತ್ತನೆ ಬಟ್ಟೆ ಜಡೆ ಕೊಡಿ, ಗೇಟಿನವರೆಗೆ ಅದು ಹೊರಲಿ, ಆಮೇಲೆ ನೀವು ಹೊರಿ.

9. ಗಂಟಲಿಗೆ ಸಿಕ್ಕಿದರೆ, ನುಂಗಿದರೆ

ಚೆಂಡು ಗಂಟಲಿಗೆ ಜಾರಿದರೆ ನಾಯಿ ಸದ್ದಿಲ್ಲದೆ ಬಾಯಿ ತೆರೆಯುತ್ತದೆ, ಮುಂಗಾಲಿನಿಂದ ಮೂತಿ ಕೆರೆಯುತ್ತದೆ, ನಾಲಿಗೆ ನೀಲಿಯಾಗುತ್ತದೆ. ವಸ್ತು ಕಣ್ಣಿಗೆ ಕಂಡು ಹಿಡಿತಕ್ಕೆ ಸಿಗುವಂತಿದ್ದರೆ ಮಾತ್ರ ಎಳೆಯಿರಿ. ಕುರುಡಾಗಿ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ. ದುಂಡನೆಯ ಚೆಂಡಾದರೆ ಹೊರಗಿನಿಂದ, ಗಂಟಲಿನ ಕೆಳಭಾಗದಲ್ಲಿ ಅದರ ಹಿಂದೆ ಹೆಬ್ಬೆರಳಿಟ್ಟು ಬಾಯಿಯ ಕಡೆಗೆ ಬಲವಾಗಿ ಒತ್ತಿ. ಆಗದಿದ್ದರೆ ದೊಡ್ಡ ನಾಯಿಯ ಹಿಂದೆ ನಿಂತು ಪಕ್ಕೆಲುಬು ಮುಗಿಯುವಲ್ಲಿ ಎರಡೂ ಕೈಯಿಂದ ಮೇಲಕ್ಕೂ ಮುಂದಕ್ಕೂ ಝಟ್ಟನೆ ಒತ್ತಿ. ಚಿಕ್ಕ ನಾಯಿಯನ್ನು ತಲೆ ಕೆಳಗಾಗಿ ಹಿಡಿದು ಬೆನ್ನಿಗೆ ತಟ್ಟಿ. ಇದೆಲ್ಲ ಮಾಡುತ್ತಲೇ ಇನ್ನೊಬ್ಬರು ಗಾಡಿ ತೆಗೆಯಲಿ. ಚೆಂಡು ಹೊರಬಂದರೂ ಗಂಟಲು ಊದಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಪೀಪಿ, ಬಟ್ಟೆ ತುಂಡು, ನೂಲು ನುಂಗಿದ್ದು ಗೊತ್ತಾದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗುತ್ತದೆ. ಬಾಯಿಂದಲೋ ಹಿಂಬದಿಯಿಂದಲೋ ನೂಲು ಜೋತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳು ಕೊಯ್ಯಬಹುದು. ಪದೇ ಪದೇ ವಾಂತಿ, ಊಟ ಬಿಟ್ಟದ್ದು, ಹೊಟ್ಟೆ ಬಿಗಿ, ಎರಡಕ್ಕೆ ತಿಣುಕುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಹೋಗುವಾಗ ಗೊಂಬೆಯ ಉಳಿದ ಭಾಗವನ್ನೂ, ಇದ್ದರೆ ಅದರ ಜೋಡಿಯನ್ನೂ ಜೊತೆಗೆ ಒಯ್ಯಿರಿ. ಬಟ್ಟೆ ಎಕ್ಸ್‌ರೇಯಲ್ಲಿ ಬಹಳ ಸಲ ಸರಿಯಾಗಿ ಕಾಣುವುದಿಲ್ಲ. ಏನು ಹೋಗಿದೆ, ಎಷ್ಟು ಹೋಗಿದೆ ಅಂತ ಡಾಕ್ಟರಿಗೆ ಕೈಯಲ್ಲಿ ಹಿಡಿದು ನೋಡಲು ಸಿಕ್ಕರೆ ಮುಂದಿನ ತೀರ್ಮಾನ ಬೇಗ ಆಗುತ್ತದೆ.